ಚಿಪೇಗೊಳ ಬೆನ್ನಿನ ಕೂಸು

ಹಳ್ಳಿಹಳ್ಳಿಯ ಅಜ್ಜಿಕಥೆ ಸಂಗ್ರಹಿಸುವ ಚಿಪೇಗೊ, ಚೋಮಾ ಪಟ್ಟಣದ ಬಸ್ಸು ಹತ್ತುವಾಗ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕುವವಳಲ್ಲ. ಚಿತೆಂಗೆ ಬಟ್ಟೆಯಲ್ಲಿ ಸುತ್ತಿ ಕೂಸಿನಂತೆ ಬೆನ್ನಿಗೆ ಕಟ್ಟುತ್ತಾಳೆ. ಬಸ್ಸು ಕುಲುಕಿದರೆ ತಟ್ಟುತ್ತಾಳೆ, ಬಿಸಿಲು ಬಿದ್ದರೆ ಬಟ್ಟೆಯ ಅಂಚು ಹೊದಿಸುತ್ತಾಳೆ. ಅವಳ ಜೋಗುಳಕ್ಕೆ ಡ್ರೈವರನೇ ತೂಕಡಿಸಿ ಬಸ್ಸು ಜೋಳದ ಹೊಲಕ್ಕೆ ನುಗ್ಗಿದ್ದೂ ಉಂಟು. "ನಿನ್ ಕೂಸು ಅಳೋದೇ ಇಲ್ವಲ್ಲೇ?" ಎಂದು ಮುದುಕಿಯರು ಕೆಣಕಿದರೆ, "ಚಾರ್ಜ್ ಮುಗಿದಾಗ ಅಳತ್ತಜ್ಜಿ" ಎನ್ನುತ್ತಾಳೆ. ತೀರಿಹೋದ ಎಷ್ಟೋ ಅಜ್ಜಿಯರ ದನಿ ಉಳಿದಿರುವುದು ಅದೊಂದರಲ್ಲೇ. ಅದು ಕಳೆದರೆ ಅವರೂ ಕಳೆದಂತೆ. ಪಾದ್ರಿಯ ಜೇಬನ್ನೂ ಬಿಡದ ನಿಲ್ದಾಣದ ಕಳ್ಳ ಹಮೂಂಗ ಮಾತ್ರ ಅದನ್ನು ಮುಟ್ಟುವುದಿಲ್ಲ. ಜನರನ್ನು ತಳ್ಳಿ ಅವಳಿಗೆ ಕಿಟಕಿ ಸೀಟು ಹಿಡಿದುಕೊಟ್ಟು, "ಗಂಟು ಬಿಗಿಯಾಗಿ ಹಾಕಕ್ಕಾ, ಒಳಗೆ ನಮ್ಮಜ್ಜಿ ಇದಾಳೆ" ಎನ್ನುತ್ತಾನೆ.