ಕಾಗದದ ಬೇಸ್‌ಬಾಲ್ ಆಟಗಾರರು

ನಿನ್ನೆ ಸೌದಿಯ ಅಜೀಜಿಯಾ ಬಡಾವಣೆಯ ಹಳೆ ಪುಸ್ತಕದಂಗಡಿಯಲ್ಲಿ ಬೇಸ್‌ಬಾಲ್ ಅಭಿಮಾನಿಗಳಿಗಾಗಿ ಮಾಡಿದ, ಕತ್ತರಿಸಿ ಅಂಟಿಸುವ ಪುಸ್ತಕವೊಂದು ಕಣ್ಣಿಗೆ ಬಿತ್ತು. ತೆರೆದರೆ ಅದೇ ದಪ್ಪ ಕಾಗದದ ವಾಸನೆ.

ಚಿಕ್ಕವಳಿದ್ದಾಗ ನಾನು ಅಬ್ಬ-ಉಮ್ಮನ ಜೊತೆ ಸೌದಿಯ ಪೂರ್ವ ತೀರದಲ್ಲಿದ್ದೆ. ಅಬ್ಬ ಒಂದು ಗ್ಯಾಸ್ ಪ್ಲಾಂಟ್‌ನಲ್ಲಿ ಫಿಟ್ಟರ್. ದೇಶಕ್ಕೆ ಮರಳುತ್ತಿದ್ದ ಅಮೆರಿಕದ ಎಂಜಿನಿಯರ್ ಒಬ್ಬರು ಅವರಿಗೆ ಅಂಥದ್ದೇ ಪುಸ್ತಕ ಕೊಟ್ಟಿದ್ದರು. ಆ ಆಟ ನಮಗ್ಯಾರಿಗೂ ಗೊತ್ತಿರಲಿಲ್ಲ. ಆದರೂ ಊಟವಾದ ಮೇಲೆ ಅಬ್ಬ ಕನ್ನಡಕ ಏರಿಸಿ ಆಟಗಾರರನ್ನು ಕತ್ತರಿಸುತ್ತಿದ್ದರು, ಅನ್ನದ ಅಗುಳಿನಿಂದ ಅಂಟಿಸಿ ನಿಲ್ಲಿಸುತ್ತಿದ್ದರು.

ಒಂದು ಮಧ್ಯಾಹ್ನ ಪ್ಲಾಂಟ್ ಕಡೆಯಿಂದ ಸೈರನ್ ಕೂಗಿತು. ನಿಲ್ಲಲೇ ಇಲ್ಲ. ಉಮ್ಮ ಕಿಟಕಿಗಳನ್ನೆಲ್ಲ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿದರು.

"ಅಬ್ಬ ಎಲ್ಲಿ ಉಮ್ಮಾ?"

"ಬರ್ತಾರೆ. ನೀನು ಅಳ್ಬೇಡ, ಬಾ, ಇದನ್ನು ಕತ್ತರಿಸುವ," ಎಂದು ಉಮ್ಮ ಆ ಪುಸ್ತಕ ತೆಗೆದರು. ಅವರ ಕಣ್ಣು ಬಾಗಿಲ ಕಡೆಗೇ ಇತ್ತು; ಕತ್ತರಿ ಆಟಗಾರನೊಬ್ಬನ ಕುತ್ತಿಗೆಯ ಮೇಲೇ ಹಾಯಿತು. ತಲೆ ಚಾಪೆಗೆ ಬಿತ್ತು. ಉಮ್ಮ ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ದುಆ ಹೇಳಿ ಪ್ರಾರ್ಥಿಸತೊಡಗಿದರು.

ಕತ್ತಲಾಗುವಾಗ ಅಬ್ಬ ಬಂದರು. "ಗ್ಯಾಸ್ ಲೀಕ್ ಆಗಿತ್ತು ಮಾರಾಯ್ತಿ, ಯಾರಿಗೂ ಎಂತ ಆಗ್ಲಿಲ್ಲ," ಎಂದರು. ಉಮ್ಮ ಅಬ್ಬನ ಮುಖ, ಕುತ್ತಿಗೆ, ಭುಜಗಳನ್ನು ಮುಟ್ಟಿ ಮುಟ್ಟಿ ನೋಡಿದರು.

ನಿನ್ನೆ ಆ ಪುಸ್ತಕ ಕೊಳ್ಳದೆ ಬಂದೆ. ನನ್ನ ಗಂಡ ಈಗ ಅಬ್ಕೈಕ್‌ನ ತೈಲ ಸ್ಥಾವರದಲ್ಲಿ ಕೆಲಸಕ್ಕಿದ್ದಾರೆ. ಶಿಫ್ಟ್ ಮುಗಿಸಿ ಅವರು ಫೋನ್ ಮಾಡುವವರೆಗೆ ನನಗೆ ತುತ್ತು ಇಳಿಯುವುದಿಲ್ಲ.