ಅತ್ತೆ ಕರೆದ ಹೆಸರು

ಸಾಯುವ ಹೊತ್ತಿನಲ್ಲಿ ಜನ ಆಡುವ ಮಾತಿಗೆ ನಾನು ಎಂದೂ ಬೆಲೆ ಕೊಟ್ಟವಳಲ್ಲ. ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷದಿಂದ ನರ್ಸ್ ಆಗಿದ್ದೇನೆ. ತೀರಿಹೋದ ತಾಯಿಯನ್ನು ಕರೆದವರನ್ನು, ಮೂಲೆಯಲ್ಲಿ ಯಾರೋ ನಿಂತಿದ್ದಾರೆ ಎಂದವರನ್ನು ನೋಡಿದ್ದೇನೆ. ಮೆದುಳು ಸೋತಾಗ ಹಾಗಾಗುತ್ತದೆ ಎಂದು ಮನೆಯವರಿಗೆ ತಿಳಿಹೇಳುತ್ತಿದ್ದೆ. ಸತ್ತವರು ಎದ್ದುಬರುತ್ತಾರೆಂದು ಭಾನುವಾರ ಚರ್ಚಿನಲ್ಲಿ ಎಲ್ಲರ ಜೊತೆ ನಾನೂ ಹೇಳುತ್ತಿದ್ದೆ, ನಿಜ. ಆದರೆ ಅದು ಬಾಯಿಪಾಠವಾಗಿತ್ತು.

ನಮ್ಮ ಮನೆ ಮಾನ್ವಿಯಲ್ಲಿ. ಗಂಡ ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುತ್ತಾರೆ. ಅತ್ತೆ ಹಾಸ್ಟೆಲೊಂದರಲ್ಲಿ ಅಡುಗೆ ಮಾಡಿ ಮಗನನ್ನು ಬೆಳೆಸಿದವರು. ನಮ್ಮ ಮದುವೆಯಾದ ಮೂರನೇ ವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ನಿಂತಿತು.

ಮರುವರ್ಷ ನಾನು ಬಸುರಾದೆ. ಆರನೇ ತಿಂಗಳಲ್ಲಿ ದೇವದುರ್ಗದ ತವರಿಗೆ ಹೋಗಿದ್ದಾಗ ಮಗು ಉಳಿಯಲಿಲ್ಲ. ಹೆಣ್ಣು. ಹೆಣ್ಣೇ ಆಗುತ್ತದೆಂದು ಮೊದಲೇ ಅದಕ್ಕೊಂದು ಹೆಸರಿಟ್ಟಿದ್ದೆ, ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಬರುವಾಗ, ಮನಸ್ಸಿನಲ್ಲೇ. ನಿರೀಕ್ಷಾ. ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ಮಾನ್ವಿಗೆ ಮರಳಿದ ದಿನ ಅತ್ತೆ ಎಡಗೈ ಚಾಚಿ ನನ್ನ ಹೊಟ್ಟೆ ಸವರಿ ಅತ್ತರು. ನಾನು ಅಳಲಿಲ್ಲ. ಸ್ವಲ್ಪ ದಿನಕ್ಕೆ ಕೆಲಸಕ್ಕೆ ಹೋದೆ. ಗಂಡ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಸದ್ದಿಲ್ಲದೆ ಓಡಾಡಿಕೊಂಡಿದ್ದೆವು.

ಅದಾಗಿ ಏಳು ತಿಂಗಳಿಗೆ, ಒಂದು ಭಾನುವಾರ ಮಧ್ಯಾಹ್ನ. ಅತ್ತೆಗೆ ಎರಡು ದಿನದಿಂದ ಗಂಜಿಯೂ ಇಳಿಯುತ್ತಿರಲಿಲ್ಲ. ಉಸಿರು ನೋಡಿಯೇ ನನಗೆ ಗೊತ್ತಾಗಿತ್ತು. ಗಂಡ ಅವರ ಕಾಲು ಒತ್ತುತ್ತಿದ್ದರು, ನಾನು ತಲೆ ಬಾಚುತ್ತಿದ್ದೆ. ಅತ್ತೆ ಕಣ್ಣು ತೆರೆದು ಬಾಗಿಲ ಕಡೆ ನೋಡಿದರು. ಅಷ್ಟು ದಿನ ಮಾತಿಲ್ಲದ ಬಾಯಿಂದ ಸ್ಪಷ್ಟವಾಗಿ, “ನಿರೀಕ್ಷಾ ಬಂದಾಳ” ಎಂದರು.

ನನ್ನ ಕೈ ನಿಂತುಹೋಯಿತು.

“ಯಾರು ಬಂದಾರ, ಯವ್ವಾ?” ಎಂದು ಗಂಡ ಬಾಗಿದರು.

ಅತ್ತೆ ನನ್ನತ್ತ ತಿರುಗಿದರು. “ಮೂಗು ನಿನ್ನಂಗ ಅದ ಬೇ. ಅಳಬ್ಯಾಡ. ನಾ ಎತ್ಕೋತೀನಿ.”

ಅಷ್ಟೇ. ಹೊತ್ತು ಮುಳುಗುವ ಮೊದಲೇ ಹೋದರು, ನಿದ್ದೆ ಬಂದವರ ಹಾಗೆ.

ಮಣ್ಣು ಮಾಡಿ ಬಂದ ಮೇಲೆ ಗಂಡ, “ಯವ್ವ ದೇವರ ಮ್ಯಾಗಿನ ನಿರೀಕ್ಷಿ ಅಂದಿರಬೇಕು. ಚರ್ಚಿನ್ಯಾಗ ಯಾವಾಗ್ಲೂ ಕೇಳೋ ಮಾತಲ್ಲೇನು?” ಎಂದರು. ಇರಬಹುದು. ಅತ್ತೆಯ ಮಂಚದ ಪಕ್ಕದಲ್ಲೇ ಮಲಗುತ್ತಿದ್ದ ನಾನು ನಿದ್ದೆಯಲ್ಲಿ ಆ ಹೆಸರು ಕನವರಿಸಿರಲೂಬಹುದು. ಆದರೆ ನಿರೀಕ್ಷೆಗೆ ಮೂಗಿರುತ್ತದೆಯೇ? ನನ್ನದು ಮೊಂಡು ಮೂಗು. ದೇವದುರ್ಗದಲ್ಲಿ ಬಟ್ಟೆ ಸರಿಸಿ ಮಗುವಿನ ಮುಖವನ್ನು ಒಂದೇ ಸಲ ನೋಡಿದ್ದೆ. ಅದಕ್ಕೂ ಅದೇ ಮೂಗು.

ಅದನ್ನೆಲ್ಲ ಗಂಡನಿಗೆ ಹೇಳಿದೆ, ಹೆಸರನ್ನೂ ಹೇಳಿದೆ. ಅವರು, “ಇಷ್ಟು ಚಂದ ಹೆಸರಿಟ್ಟು ನನಗ ಹೇಳಲೇ ಇಲ್ಲಲ್ಲ” ಎಂದು ಅತ್ತುಬಿಟ್ಟರು. ನಾನು ಅತ್ತದ್ದೂ ಆಗಲೇ, ಮೊದಲ ಸಲ.

ಈಗಲೂ ಊಟಕ್ಕೆ ಕೂತಾಗ ಒಮ್ಮೊಮ್ಮೆ ಕೇಳುತ್ತಾರೆ, “ಯವ್ವಗ ಯಾರು ಹೇಳಿರಬೇಕು?”

“ನನಗ ಗೊತ್ತಿಲ್ರಿ” ಎನ್ನುತ್ತೇನೆ. ನಿಜವಾಗಿಯೂ ಗೊತ್ತಿಲ್ಲ. ಮಗಳು ಅಲ್ಲಿ ಒಬ್ಬಳೇ ಇದ್ದಾಳೆಂದು ಮಾತ್ರ ಈಗ ನಮ್ಮಿಬ್ಬರಿಗೂ ಅನಿಸುವುದಿಲ್ಲ.