ಇನ್ನೂರ ಹನ್ನೆರಡನೆಯ ಸಾಲಿನ ಸಂಖ್ಯೆ

ನಿಲಂಗಾದಿಂದ ಬರುವ ಮಹಾರಾಷ್ಟ್ರ ಸಾರಿಗೆಯ ಎಸ್ಟಿ ಬಸ್ಸು ಒಂಬತ್ತಕ್ಕೆ ಉದಗೀರ ಮುಟ್ಟಬೇಕು, ಮುಟ್ಟುವುದು ಒಂಬತ್ತೂವರೆಗೆ. ಗುರುವಾರ ಮತ್ತು ರವಿವಾರ ಅದರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬರುತ್ತಿದ್ದಳು. ಅಷ್ಟರೊಳಗೆ ನನ್ನ ಸ್ನಾನ, ಲಿಂಗಪೂಜೆ, ಕೋಟೆಯ ಕಡೆಗಿನ ತಿರುಗಾಟ, ನಾಷ್ಟಾ ಎಲ್ಲ ಮುಗಿದಿರುತ್ತಿತ್ತು. ಊಟದ ಮೇಜನ್ನು ಒರೆಸಿ ಎರಡು ಕುರ್ಚಿ ಹಾಕಿಟ್ಟಿರುತ್ತಿದ್ದೆ. ಮೂವತ್ತೊಂದು ವರ್ಷ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆ ನಡೆಸಿದವಳು ನಾನು, ಮೊದಲು ಉಮರಗಾದಲ್ಲಿ, ಆಮೇಲೆ ಇಲ್ಲಿ. ಗಂಟೆ ಬಾರಿಸಿದ ಮೇಲೆ ಬಂದವರನ್ನು ಬಾಗಿಲ ಹೊರಗೇ ನಿಲ್ಲಿಸಿದ್ದೇನೆ. ಎಸ್ಟಿಯನ್ನು ಮಾತ್ರ ಏನೂ ಮಾಡಲಾಗಲಿಲ್ಲ.

ಆಕೆ ದೇವಣಿ ಕಡೆಯ ಕುರಿ ಸಾಕುವ ಮನೆತನದವಳು. ಬಿ.ಎಸ್ಸಿ. ಓದುವಾಗ ಪ್ರಾಕ್ಟಿಕಲ್ ಪರೀಕ್ಷೆಗೆ ಬೀರಪ್ಪನ ಭಂಡಾರದ ಅರಿಸಿನ ಹಣೆಗೆ ಹಚ್ಚಿಕೊಂಡು ಬರುತ್ತಿದ್ದಳು. ಈಗ ನಿಲಂಗಾದ ಕಾಲೇಜೊಂದರಲ್ಲಿ ತಾಸಿನ ಲೆಕ್ಕದ ಮೇಲೆ ಕಲಿಸುತ್ತಾಳೆ, ಎಂಟು ವರ್ಷವಾಯಿತು. ಅಲ್ಲಿ ಒಂದು ಕಾಯಂ ಜಾಗ ಖಾಲಿಯಾಗಿತ್ತು. ತಿಂಗಳ ಕೊನೆಯೊಳಗೆ ಪಿಎಚ್.ಡಿ. ಪ್ರಬಂಧ ಸಲ್ಲಿಸಿದರೆ ಸಂದರ್ಶನಕ್ಕೆ ಕೂರಬಹುದು, ಇಲ್ಲದಿದ್ದರೆ ಇಲ್ಲ. ಪ್ರಬಂಧ ಬರೆದು ಮುಗಿದಿತ್ತು. ತೊಡಕು ಮೂರನೆಯ ಅಧ್ಯಾಯದ್ದು, ಆ ಅಧ್ಯಾಯ ನಿಂತಿದ್ದು ನಾನು ಬರೆದ ಪ್ರೋಗ್ರಾಮಿನ ಮೇಲೆ.

ನಿವೃತ್ತಿಯ ಹಿಂದಿನ ವರ್ಷ, ಒಂದು ರಜೆಯ ಶಿಬಿರದಲ್ಲಿ ಕಲಿತು ಬಂದು, ನಾನು ಅದನ್ನು ಬರೆದಿದ್ದೆ. ಕ್ವಾಂಟಮ್ ಕಂಪ್ಯೂಟರನ್ನು ನಾನೂ ಕಣ್ಣಾರೆ ಕಂಡವಳಲ್ಲ. ಅದು ಹೇಗೆ ನಡೆಯುತ್ತದೆ, ನಡೆಯುವಾಗ ಎಲ್ಲಿ ತಪ್ಪುತ್ತದೆ ಎಂಬುದನ್ನು ಸಾದಾ ಲ್ಯಾಪ್‌ಟಾಪಿನಲ್ಲಿ ಅನುಕರಿಸಿ ತೋರಿಸುವ ಪ್ರೋಗ್ರಾಮು ಅದು. ಹೈಡ್ರೋಜನ್ನಿನ ಎರಡು ಪರಮಾಣುಗಳನ್ನು ಹತ್ತಿರ, ದೂರ ಸರಿಸುತ್ತ ಒಂದೊಂದು ದೂರಕ್ಕೂ ಶಕ್ತಿ ಎಷ್ಟೆಂದು ಲೆಕ್ಕ ಹಾಕುತ್ತದೆ. ಹನ್ನೊಂದು ದೂರ, ಹನ್ನೊಂದು ಸಾಲಿನ ಕೋಷ್ಟಕ. ಪುಸ್ತಕದಲ್ಲಿರುವ ಬೆಲೆಗಳಿಗೆ ಅದು ಹೊಂದುತ್ತದೆ ಎಂಬುದೇ ಆಕೆಯ ಅಧ್ಯಾಯದ ಸಾರ. ನಿವೃತ್ತಿಯ ದಿನ ಅದನ್ನು ಪೆನ್‌ಡ್ರೈವಿನಲ್ಲಿ ಹಾಕಿ ಆಕೆಯ ಕೈಗೆ ಕೊಟ್ಟಿದ್ದೆ.

ಈ ಏಳು ವರ್ಷಗಳಲ್ಲಿ ಅದರ ಕೆಳಗಿನ ಸಾಮಗ್ರಿಯೆಲ್ಲ ಬದಲಾಗಿತ್ತು. ನಾನು ಬಳಸಿದ ಆಜ್ಞೆಗಳಲ್ಲಿ ಅರ್ಧದಷ್ಟನ್ನು ಹೊಸ ಆವೃತ್ತಿಯಲ್ಲಿ ತೆಗೆದುಹಾಕಿದ್ದರು, ಉಳಿದವಕ್ಕೆ ಬೇರೆ ಹೆಸರಿಟ್ಟಿದ್ದರು. ಈಗಿನ ಕಂಪ್ಯೂಟರುಗಳಲ್ಲಿ ಓಡದ ಪ್ರೋಗ್ರಾಮಿನ ಫಲಿತಾಂಶವನ್ನು ಪರೀಕ್ಷಕರು ಒಪ್ಪುವುದಿಲ್ಲ, ಇಂದಿನ ಆವೃತ್ತಿಯಲ್ಲಿ ಮತ್ತೊಮ್ಮೆ ಓಡಿಸಿ ತೋರಿಸು ಎಂದು ಆಕೆಯ ಮಾರ್ಗದರ್ಶಕರು ಹೇಳಿದ್ದರು.

ಮೊದಲ ದಿನ ಬರುವ ಹೊತ್ತಿಗೇ ಆಕೆ ಪ್ರೋಗ್ರಾಮಿನ ನಾನೂರು ಚಿಲ್ಲರೆ ಸಾಲುಗಳನ್ನು ಒಟ್ಟಿಗೆ ಎಐಗೆ ಕೊಟ್ಟು ಹೊಸದು ಮಾಡಿಸಿಕೊಂಡಿದ್ದಳು. ಪ್ರೋಗ್ರಾಮು ಓಡುತ್ತಿತ್ತು. ಆದರೆ ಕೋಷ್ಟಕದ ಹನ್ನೊಂದೂ ಬೆಲೆಗಳು ಪ್ರಬಂಧದಲ್ಲಿ ಇದ್ದುದಕ್ಕಿಂತ ಮೇಲಕ್ಕೆ ಹೋಗಿದ್ದವು. ನಲವತ್ತು ಕಡೆ ಬದಲಾವಣೆಯಾಗಿತ್ತು. ಯಾವುದರಿಂದ ಹೀಗಾಯಿತೆಂದು ಹೇಳುವುದು ಹೇಗೆ? ನಾನು ಕಪಾಟಿನಿಂದ ಪ್ರಯೋಗದ ದಾಖಲೆ ಬರೆಯುವ ಒಂದು ಹೊಸ ಜರ್ನಲ್ ತೆಗೆದು ಗೆರೆ ಹಾಕಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಹಳೆಯ ಆವೃತ್ತಿ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ, ಹೊಸದು ಆಕೆಯದರಲ್ಲಿ. ಎರಡೂ ಓಡಿಸಿ, ಹೋಲಿಸಿ, ಬರೆದು, ಸಹಿ ಹಾಕಿ ಮುಂದಿನದಕ್ಕೆ ಹೋಗುವುದು. ಆಕೆ ಜರ್ನಲ್ಲನ್ನು ನೋಡಿ ನಿಟ್ಟುಸಿರು ಬಿಟ್ಟಳು.

ಮೂರು ವಾರ ಹಾಗೆ ಕಳೆಯಿತು. ಅಂಥ ದಣಿವು ನನಗೆ ನೌಕರಿಯಲ್ಲೂ ಗೊತ್ತಿರಲಿಲ್ಲ. ಒಂದು ಆಜ್ಞೆಯನ್ನು ಸರಿಪಡಿಸಿದರೆ ಅದರ ಬೆನ್ನಿಗಿದ್ದ ಇನ್ನೊಂದು ಮುರಿಯುತ್ತಿತ್ತು. ಎಐ ಹೇಳಿದ ಹೆಸರಿನ ಆಜ್ಞೆ ಹೊಸ ಆವೃತ್ತಿಯಲ್ಲೂ ಇರುತ್ತಿರಲಿಲ್ಲ. ಹೌದು, ತಪ್ಪಾಯಿತು ಎಂದು ವಿನಯದಿಂದ ಒಪ್ಪಿಕೊಂಡು ಅದು ಮತ್ತೊಂದು ಹೆಸರು ಕೊಡುತ್ತಿತ್ತು. ಅದಕ್ಕೆ ಸೊಂಟನೋವಿಲ್ಲ, ಕಣ್ಣುರಿಯಿಲ್ಲ. ಒಮ್ಮೆ ಬೇಸತ್ತು ನಮ್ಮ ಮನೆಮಾತಿನಲ್ಲೇ ಟೈಪು ಮಾಡಿ ಬೈದೆ. ಅದು ರೇಡಿಯೋ ವಾರ್ತೆಯ ಕನ್ನಡದಲ್ಲಿ ಕ್ಷಮೆ ಕೇಳಿತು. ಪಕ್ಕದಲ್ಲಿದ್ದ ಆಕೆ ನಕ್ಕಳು. "ಅದಕ್ಕ್ಯಾಕ ಬೈತೀರಿ, ಮ್ಯಾಡಮ್? ಅದೇನ್ ನಿಮ್ಮ ಕೈಯಾಗ ಕಲತದೇನು?"

ಮೂರನೆಯ ವಾರದ ಗುರುವಾರ ಜರ್ನಲ್ಲಿನಲ್ಲಿ ಮೂವತ್ತೆಂಟನೆಯ ನಮೂದು. ಹನ್ನೊಂದು ಸಾಲುಗಳೂ ಪ್ರಬಂಧದ ಕೋಷ್ಟಕಕ್ಕೆ ಬರೋಬ್ಬರಿ ಹೊಂದಿದವು. ಆಕೆ ಮನೆಗೆ ಫೋನು ಮಾಡಲು ಅಂಗಳಕ್ಕೆ ಹೋದಳು. ಅಷ್ಟರಲ್ಲಿ ಪರದೆಯ ಮೇಲೆ ಎಐ ಒಂದು ಪ್ರಶ್ನೆ ಕೇಳಿತು. ಇನ್ನೂರ ಹನ್ನೆರಡನೆಯ ಸಾಲಿನಲ್ಲಿ ಪ್ರತಿ ಫಲಿತಾಂಶದಿಂದಲೂ ಒಂದು ನಿಶ್ಚಿತ ಸಂಖ್ಯೆಯನ್ನು ಕಳೆಯಲಾಗಿದೆ; ಅದು ಎಲ್ಲಿಂದ ಬಂತೆಂಬ ಟಿಪ್ಪಣಿಯಿಲ್ಲ. ಮೊದಲ ಸಲ ಪೂರ್ತಿ ಪ್ರೋಗ್ರಾಮನ್ನು ತಿದ್ದಿದಾಗ ಹಳೆಯ ಅವಶೇಷವೆಂದು ತಿಳಿದು ಅದನ್ನು ತೆಗೆದಿತ್ತಂತೆ. ಇದು ಉದ್ದೇಶಪೂರ್ವಕವೇ?

ನನಗೆ ತಕ್ಷಣ ನೆನಪಾಯಿತು. ಕಾಲೇಜಿಗೆ ಪರಿಶೀಲನೆಯ ಸಮಿತಿ ಬರುವ ದಿನ. ಎಲ್ಲ ವಿಭಾಗದವರೂ ಏನಾದರೂ ತೋರಿಸಬೇಕಿತ್ತು. ನನ್ನ ಪ್ರೋಗ್ರಾಮು ಯಂತ್ರದ ದೋಷಗಳನ್ನೂ ಅನುಕರಿಸುವಂಥದ್ದು. ಹಾಗಾಗಿ ಬೆಲೆಗಳು ಪುಸ್ತಕದವಕ್ಕಿಂತ ಸ್ವಲ್ಪ ಮೇಲೆಯೇ ಬರುತ್ತವೆ, ಬರಬೇಕು. ಬಂದವರಿಗೆ ಅದನ್ನು ವಿವರಿಸಲು ಐದು ನಿಮಿಷವೂ ಸಿಗುವುದಿಲ್ಲವೆಂದು ಗೊತ್ತಿತ್ತು. ಅವತ್ತಿನ ಮಟ್ಟಿಗೆಂದು ಒಂದು ಸಂಖ್ಯೆಯನ್ನು ಕಳೆದು ಗೆರೆಯನ್ನು ಕೆಳಗಿಳಿಸಿ ಪುಸ್ತಕದ ಗೆರೆಯ ಮೇಲೆ ಕೂರಿಸಿದೆ. ಸಂಜೆ ತೆಗೆಯಬೇಕೆಂದಿದ್ದೆ. ಸಂಜೆ ಹಾರತುರಾಯಿ, ಚಹಾ, ಫೋಟೊ. ಮರೆತೆ ಎಂದು ಬರೆದರೆ ಅರ್ಧ ಸತ್ಯವಾದೀತು. ಆಮೇಲೆ ಎರಡು ಮೂರು ಸಲ ಆ ಸಾಲನ್ನು ಕಂಡಿದ್ದೆ. ನೋಡಲು ಚೆನ್ನಾಗಿ ಕೂತಿದೆಯೆಂದು ಬಿಟ್ಟಿದ್ದೆ.

ಹೌದು, ಉದ್ದೇಶಪೂರ್ವಕ, ಇರಲಿ ಎಂದು ಟೈಪು ಮಾಡಿದೆ. ಎಐ ಒಪ್ಪಿತು. ಸಾಲಿನ ಪಕ್ಕ ಒಂದು ಟಿಪ್ಪಣಿಯನ್ನೂ ತಾನಾಗಿ ಸೇರಿಸಿತು: ಉಪಕರಣದ ಸರಿಹೊಂದಿಕೆಗಾಗಿ ತಿದ್ದುಪಡಿ. ನಾನು ಏಳು ವರ್ಷದಿಂದ ಹೆಸರಿಡದೆ ಬಿಟ್ಟಿದ್ದಕ್ಕೆ ಅದು ಅರೆಕ್ಷಣದಲ್ಲಿ ಇಷ್ಟು ಮರ್ಯಾದೆಯ ಹೆಸರಿಟ್ಟಿತು.

ಆಕೆ ಒಳಗೆ ಬಂದು, ಹಾಗಾದರೆ ಮೊದಲ ಸಲ ಯಾಕೆ ತಾಳೆಯಾಗಲಿಲ್ಲವೆಂದು ಕೇಳಿದಳು. ಎಲ್ಲವನ್ನೂ ಒಮ್ಮೆಲೇ ಬದಲಾಯಿಸಿದರೆ ಹಾಗೇ ಆಗುವುದು ಎಂದೆ. ನನ್ನ ನಿಯಮವನ್ನೇ ಅಡ್ಡ ಹಿಡಿದೆ. ಆಕೆ ಹೌದ್ರಿ ಎಂದು ತಲೆಯಾಡಿಸಿ, ಚೀಲದಿಂದ ಪೇಢೆಯ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟು ಮೂರರ ಬಸ್ಸಿಗೆ ಹೋದಳು.

ಶುಕ್ರವಾರ, ಶನಿವಾರ ನನ್ನ ಕೆಲಸಗಳೆಲ್ಲ ವೇಳೆಗೆ ಸರಿಯಾಗಿಯೇ ನಡೆದವು. ಐದಕ್ಕೆ ಎದ್ದೆ, ಕೋಟೆಯವರೆಗೆ ನಡೆದೆ, ಒಂದಕ್ಕೆ ಉಂಡೆ. ಆದರೆ ಎಲ್ಲವನ್ನೂ ಕಲ್ಲು ಹೊತ್ತು ಮಾಡಿದಂತಾಗುತ್ತಿತ್ತು. ಪೇಢೆ ಹಾಗೇ ಇತ್ತು. ಮೂವತ್ತೊಂದು ವರ್ಷ ಹುಡುಗರು ಉತ್ತರ ನೋಡಿಕೊಂಡು ರೀಡಿಂಗ್ ಬರೆದಾಗಲೆಲ್ಲ ಕೆಂಪು ಪೆನ್ಸಿಲಿನಿಂದ ಹೊಡೆದು, ಪಕ್ಕದಲ್ಲಿ ಮರಾಠಿಯಲ್ಲಿ 'ಮತ್ತೆ ಮಾಡಿ' ಎಂದು ಬರೆದಿದ್ದೇನೆ. ಸುಮ್ಮನಿದ್ದರೆ ಈ ಹುಡುಗಿಗೆ ನೌಕರಿಯಾಗುತ್ತದೆ. ಹೇಳಿದರೆ ಅಧ್ಯಾಯ ಬೀಳುತ್ತದೆ, ತಿಂಗಳ ಕೊನೆ ದಾಟುತ್ತದೆ. ಯಾವ ಪರೀಕ್ಷಕನೂ ಆ ಸಾಲಿನವರೆಗೆ ಓದುವವನಲ್ಲ. ಓದಿದರೂ ಟಿಪ್ಪಣಿ ಅವನ ಸಮಾಧಾನಕ್ಕೆ ಸಾಕು. ಆದರೆ ಪ್ರಬಂಧದ ಮೇಲಿರುವುದು ಆಕೆಯ ಹೆಸರು, ಮತ್ತು ಆಕೆಗೆ ಗೊತ್ತಿಲ್ಲ.

ರವಿವಾರ ಆಕೆ ಕೂರುವ ಮೊದಲೇ ಹೇಳಿದೆ. "ಮಗಳೇ, ಇನ್ನೂರ ಹನ್ನೆರಡನೇ ಸಾಲಿನಾಗ ಒಂದು ನಂಬರ್ ಅದ. ಅದು ನಾ ಮುದ್ದಾಂ, ಬೇಕಂತನ ಹಾಕಿದ್ದು. ಪುಸ್ತಕಕ್ಕ ಹೊಂದಲಿ ಅಂತ."

ಆಕೆ ಲ್ಯಾಪ್‌ಟಾಪ್ ತೆರೆದು ಆ ಸಾಲನ್ನು ನೋಡಿದಳು. ಟಿಪ್ಪಣಿಯನ್ನೂ ಓದಿದಳು. ಗುರುವಾರ ಎಐ ಕೇಳಿದ್ದು, ನಾನು ಉತ್ತರಿಸಿದ್ದು ಎರಡೂ ಅಲ್ಲೇ ಇದ್ದವು; ಅದನ್ನೂ ಓದಿದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಲೋಲಕದ ಪ್ರಯೋಗದಾಗ ನನ್ನ ಜರ್ನಲ್ ಮೂರು ಸಲ ವಾಪಸ್ ಕೊಟ್ಟಿದ್ರಿ, ಮ್ಯಾಡಮ್," ಎಂದಳು ಕೊನೆಗೆ. "ಮೊದಲ ಎರಡು ಸಲ ಗೆಳತಿದು ನೋಡಿ ಒಂಬೈನೂರ ಎಂಬತ್ತು ಬರದಿದ್ದೆ. ಮೂರನೇ ಸಲ ಖರೇನೇ ಮಾಡಿದ್ದೆ. ಒಂಬೈನೂರ ಎಪ್ಪತ್ತೆಂಟು ಬಂದಿತ್ತು. ನೀವು ನಂಬಲಿಲ್ಲ."

ನನಗೆ ನೆನಪಿರಲಿಲ್ಲ. ಎಂಬತ್ತರಲ್ಲಿ ಎರಡು ಕಡಿಮೆ ಮಾಡಿ ಜಾಣತನ ತೋರಿಸಿದ್ದಾಳೆಂದು ಭಾವಿಸಿರಬೇಕು. ಉದಗೀರದ ಅಕ್ಷಾಂಶಕ್ಕೆ, ಎತ್ತರಕ್ಕೆ ಗುರುತ್ವದ ಬೆಲೆ ಸುಮಾರು ಅಷ್ಟೇ ಬರಬೇಕೆಂದು ನಾನೇ ಪಾಠದಲ್ಲಿ ಹೇಳುತ್ತಿದ್ದೆ.

"ಈಗ ಏನ್ ಮಾಡ್ತಿ?" ಎಂದು ಕೇಳಿದೆ.

"ಏನ್ ಮಾಡೋದ್ರಿ. ಪರತ ಮಾಡೋದು, ಮತ್ತ ಮೊದಲಿಂದ." ಆಕೆ ನನ್ನ ಪೆನ್ನುಗಳ ಡಬ್ಬಿಯಿಂದ ಕೆಂಪು ಪೆನ್ಸಿಲ್ ತೆಗೆದು, ಜರ್ನಲ್ಲಿನ ಮೂವತ್ತೆಂಟನೆಯ ನಮೂದನ್ನು, ಕೆಳಗಿದ್ದ ನನ್ನ ಸಹಿಯನ್ನೂ ಸೇರಿಸಿ, ಅಡ್ಡಗೆರೆ ಹೊಡೆದು ಪಕ್ಕದಲ್ಲಿ ಮರಾಠಿಯಲ್ಲಿ 'ಮತ್ತೆ ಮಾಡಿ' ಎಂದು ಬರೆದಳು. ಆಮೇಲೆ ಎಐಗೆ, ಆ ಸಂಖ್ಯೆಗೆ ಯಾವ ಆಧಾರವೂ ಇಲ್ಲ, ತೆಗೆ ಎಂದು ಬರೆದಳು. ತಪ್ಪು ತನ್ನದೇ ಎಂಬಂತೆ ಅದು ಎರಡು ಸಾಲು ಕ್ಷಮೆ ಕೇಳಿತು. ಆ ಕ್ಷಮೆಯನ್ನು ಇಬ್ಬರೂ ಪೂರ್ತಿ ಓದಲಿಲ್ಲ.

ಆ ಸಂಖ್ಯೆಯನ್ನು ಯಾರು, ಯಾವಾಗ, ಯಾಕೆ ಹಾಕಿದ್ದೆಂದು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಟ್ಟೆ. ಮಾರ್ಗದರ್ಶಕರು ಅದನ್ನು ಪ್ರಬಂಧದ ಕೊನೆಗೆ ಸೇರಿಸಲು ಹೇಳಿ, ಅಧ್ಯಾಯವನ್ನು ಹೊಸದಾಗಿ ಬರೆಯಲು ಸಮಯ ಕೊಟ್ಟರು. ತಿಂಗಳು ಮುಗಿಯಿತು. ಸಂದರ್ಶನ ನಡೆದು ಬೇರೆಯವರು ಆಯ್ಕೆಯಾದರು. ಆಕೆ ಆ ಸುದ್ದಿಯನ್ನು ಬಸ್ಸು ತಡವಾದ ಸುದ್ದಿಯಷ್ಟೇ ಸಾದಾ ದನಿಯಲ್ಲಿ ಹೇಳಿದಳು. ಅದನ್ನು ನಾನು ಹೇಗೆ ತೆಗೆದುಕೊಳ್ಳಬೇಕೆಂದು ಇವತ್ತಿಗೂ ತಿಳಿದಿಲ್ಲ.

ಗುರುವಾರ, ರವಿವಾರ ಈಗಲೂ ಬರುತ್ತಾಳೆ. ಹನ್ನೊಂದು ದೂರಗಳಲ್ಲಿ ಏಳು ಮುಗಿದಿವೆ. ಬೆಲೆಗಳು ಪುಸ್ತಕದವಕ್ಕಿಂತ ಮೇಲೆಯೇ ಇವೆ. ಎಷ್ಟು ಮೇಲೆ, ಯಾವ ದೋಷದಿಂದ ಎಂಬುದನ್ನು ಒಂದೊಂದಾಗಿ ಬರೆಯುತ್ತಿದ್ದೇವೆ. ಜರ್ನಲ್ಲಿನಲ್ಲಿ ಈಗ ಸಹಿ ಹಾಕುವವಳು ಆಕೆ. ನಾನು ಹಳೆಯ ಲ್ಯಾಪ್‌ಟಾಪಿನ ಅಂಕಿ ಓದಿ ಹೇಳುತ್ತೇನೆ, ಆಕೆ ತನ್ನ ಪರದೆ ನೋಡಿ ತಾಳೆ ಹಾಕುತ್ತಾಳೆ. ಅಂಕಿಯನ್ನು ನಾನು ಒಮ್ಮೆ ಹೇಳಿದರೆ ಸಾಕಾಗುವುದಿಲ್ಲ. ಎರಡನೆಯ ಸಲ ಹೇಳಿಸಿಕೊಂಡೇ ಬರೆಯುತ್ತಾಳೆ.